ಅಡಾಪಲೀನ್ ಹಚ್ಚಲು ಶುರುಮಾಡಿದ್ದೀರಾ? 12 ವಾರ ತಾಳಿ
ಮೊಡವೆಗೆ ಡಾಕ್ಟರು 0.1% ಅಡಾಪಲೀನ್ ಜೆಲ್ ಬರೆದುಕೊಟ್ಟರೆ ಮೊದಲ ಎರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ ಹಚ್ಚಿ. ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು: ಹಣೆ, ಕೆನ್ನೆ, ಗಲ್ಲಕ್ಕೆ ಚುಕ್ಕಿಯಿಟ್ಟು ತೆಳುವಾಗಿ ಹರಡಿ. ಮೊಡವೆಯ ತಲೆಗಷ್ಟೇ ಅಲ್ಲ, ಅದು ಏಳುವ ಜಾಗಕ್ಕೆಲ್ಲ. ಕಣ್ಣಿನ ಸುತ್ತ, ತುಟಿ, ಮೂಗಿನ ಅಂಚು ಬಿಡಿ. ಮೇಲೆ ಮಾಯಿಶ್ಚರೈಸರ್; ಬೆಳಿಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್.

ಮೊದಲ ವಾರಗಳಲ್ಲಿ ಸಿಪ್ಪೆ ಏಳಬಹುದು, ಮೊಡವೆ ಹೆಚ್ಚಾದಂತೆಯೂ ಕಾಣಬಹುದು. ಬಹಳ ಜನ ಟ್ಯೂಬು ಬಿಸಾಡುವುದು ಇಲ್ಲೇ, ಅದೇ ಬೇಸರ. ಫಲ ಕಾಣಲು 8ರಿಂದ 12 ವಾರ ಬೇಕು. ಉರಿ ಜಾಸ್ತಿಯಾದರೆ ಎರಡು ರಾತ್ರಿ ಬಿಟ್ಟು ಮುಂದುವರಿಸಿ; ಸ್ಕ್ರಬ್, ನಿಂಬೆರಸ ಮುಟ್ಟಬೇಡಿ. ಗರ್ಭಿಣಿಯರು ಬಳಸಬಾರದು.