700 ಅಡಿಯಲ್ಲಿ ಹಗ್ಗ ಬಿಟ್ಟೆ

ಬೇಸಿಗೆಯ ಮಧ್ಯಾಹ್ನ ಟೆಕ್ಸಾಸಿನ ಯುವಾಲ್ಡಿಯಲ್ಲಿ ರನ್‌ವೇ ಮೇಲೆ ಬರಿಗಾಲು ಇಟ್ಟರೆ ಬೊಬ್ಬೆ ಬರುತ್ತದೆ. ನಮಗೆ ಬೇಕಾದದ್ದೂ ಆ ಕಾವೇ. ನೆಲ ಕಾದರೆ ಬಿಸಿಗಾಳಿ ಮೇಲೇಳುತ್ತದೆ, ಅದರ ಬಲದಿಂದಲೇ ಇಂಜಿನ್ ಇಲ್ಲದ ಗ್ಲೈಡರು ಗಂಟೆಗಟ್ಟಲೆ ಹಾರುತ್ತದೆ. 2012ರ ವಿಶ್ವ ಗ್ಲೈಡಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಇದೇ ಊರಿನಲ್ಲಿ. ನಾನು ಅಲ್ಲಿಗೆ ಹೋದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಒಂದು ಚಿಕ್ಕ ಸ್ಪರ್ಧೆಗೆ. ಆ ಸ್ಪರ್ಧೆಯ ಮೂರನೇ ದಿನ ನಡೆದದ್ದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಇಲ್ಲಿ ಹೊಸದಾಗಿ ಗ್ಲೈಡಿಂಗ್ ಕಲಿಯುತ್ತಿರುವ ನಮ್ಮ ಕನ್ನಡದ ಹುಡುಗರು, "ಸಾರ್, ನಿಮಗೆ ಯಾವಾಗ ಜಾಸ್ತಿ ಭಯ ಆಗುತ್ತೆ?" ಅಂತ ಕೇಳುತ್ತಿರುತ್ತಾರೆ. ಹೊಲದಲ್ಲಿ ಇಳಿಯುವಾಗ ಅಂತ ಹೇಳುತ್ತೇನೆ ಅಂದುಕೊಂಡಿರುತ್ತಾರೆ. ಅಲ್ಲ, ಹಗ್ಗದ ತುದಿಯಲ್ಲಿ ಇರುವ ಆ ನಾಲ್ಕೈದು ನಿಮಿಷ.

ನಮ್ಮನ್ನು ಮೇಲಕ್ಕೆ ಎಳೆಯುವುದು ಪೈಪರ್ ಪಾನಿ ಎಂಬ ವಿಮಾನ. ಮೊದಲು ಹೊಲಗಳಿಗೆ ಔಷಧಿ ಹೊಡೆಯಲು ಮಾಡಿದ್ದು, ಈಗ ಎಷ್ಟೋ ಕಡೆ ಗ್ಲೈಡರು ಎಳೆಯುತ್ತಿದೆ. ನಮ್ಮ ವಿಮಾನಕ್ಕೂ ಅದಕ್ಕೂ ನಡುವೆ 200 ಅಡಿ ಹಗ್ಗ. ಎರಡೂ ತುದಿಯಲ್ಲಿ ಕೊಕ್ಕೆ ಇರುತ್ತದೆ, ಎರಡನ್ನೂ ಒಳಗಿನಿಂದಲೇ ಬಿಡಿಸಬಹುದು. ನಮ್ಮ ಕಡೆ ಅದಕ್ಕೆ ಒಂದು ಹಳದಿ ಗುಂಡಿ. ಈಗಿನ ಹೆಚ್ಚಿನ ಗ್ಲೈಡರುಗಳಲ್ಲಿ ಹಗ್ಗ ಬಿಡುವ ಗುಂಡಿ ಹಳದಿಯೇ. ಹೊಸ ವಿಮಾನದಲ್ಲಿ ಕೂತಾಗ ಹುಡುಕುತ್ತಾ ಕೂರುವಂತಾಗಬಾರದು ಅಂತ.

ಸುಮ್ನೆ ಕ್ಲಬ್ಬಿನಲ್ಲಿ ಹಾರುವಾಗ ಎಲ್ಲಿ ಬೇಕಾದರೂ ಹಗ್ಗ ಬಿಡಬಹುದು, ದುಡ್ಡು ಕೊಟ್ಟಷ್ಟು ಎತ್ತರಕ್ಕೆ ಹೋಗಬಹುದು. ಸ್ಪರ್ಧೆಯಲ್ಲಿ ಹಾಗಿಲ್ಲ. ಅಮೆರಿಕದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನೆಲದಿಂದ 2000 ಅಡಿ, ಎಲ್ಲರಿಗೂ ಅಷ್ಟೇ. ಎಳೆಯುವ ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಬಿಡಬೇಕು ಅನ್ನುವುದು ಬೆಳಗಿನ ಮೀಟಿಂಗಿನಲ್ಲೇ ಗೊತ್ತಾಗಿರುತ್ತದೆ. ಕೊನೆಯ ಗ್ಲೈಡರು ಮೇಲೇರಿ ಸ್ವಲ್ಪ ಹೊತ್ತಾಗುವ ತನಕ ಸ್ಪರ್ಧೆಯ ಗೇಟು ತೆಗೆಯುವುದಿಲ್ಲ, ಅಂದರೆ ಯಾರೂ ಸ್ಪರ್ಧೆ ಶುರು ಮಾಡುವ ಹಾಗಿಲ್ಲ. ಮೊದಲು ಏರಿದವನಿಗೆ ಲಾಭ ಆಗಬಾರದು, ಕೊನೆಯವನಿಗೆ ಮೋಸ ಆಗಬಾರದು. ಇದು ನ್ಯಾಯವಾದ ನಿಯಮ. ಆದರೆ ಇದರಿಂದ ಒಂದು ತೊಂದರೆಯೂ ಇದೆ. ಮೂವತ್ತು ನಲವತ್ತು ಗ್ಲೈಡರು ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಸುತ್ತುತ್ತಿರುತ್ತವೆ. ನಾವು ಹಗ್ಗ ಬಿಟ್ಟು ಆ ಗುಂಪಿನೊಳಗೇ ನುಗ್ಗಬೇಕು.

ಅದಕ್ಕೇ ಬಿಡುವುದಕ್ಕೆ ಒಂದು ಕ್ರಮ ಇದೆ. ಇಲ್ಲಿ ಗ್ಲೈಡರು ಬಲಕ್ಕೆ, ಎಳೆಯುವ ವಿಮಾನ ಎಡಕ್ಕೆ. ಮೊದಲು ಬಲಗಡೆ ಯಾರಾದರೂ ಇದ್ದಾರಾ ನೋಡಬೇಕು. ಆಮೇಲೆ ಗುಂಡಿ ಎಳೆಯಬೇಕು. ಹಗ್ಗ ಮೂಗಿನ ಮುಂದೆ ಹಾವಿನ ಹಾಗೆ ತಿರುಚಿಕೊಂಡು ದೂರ ಹೋಗುವುದನ್ನು ಕಣ್ಣಾರೆ ನೋಡಬೇಕು. ಆಮೇಲೇ ತಿರುಗಬೇಕು. 'ಟಕ್' ಅಂತ ಸದ್ದು ಕೇಳಿತು ಅಂತ ತಿರುಗಿದರೆ ಸಾಲದು. ಹಗ್ಗ ಇನ್ನೂ ಸಿಕ್ಕಿಕೊಂಡಿದ್ದರೆ ಮುಂದಿನ ವಿಮಾನವನ್ನೂ ಎಳೆದುಕೊಂಡೇ ತಿರುಗುತ್ತೀರಿ. ನಿಜವಾಗಿಯೂ ಬಿಡದೇ ಹೋದರೆ ಎಡಪಕ್ಕಕ್ಕೆ ಸರಿದು ರೆಕ್ಕೆ ಅಲ್ಲಾಡಿಸಬೇಕು. ಆಗ ಎಳೆಯುವವರು ನಮ್ಮನ್ನು ಏರ್‌ಪೋರ್ಟಿನ ಮೇಲಕ್ಕೆ ತಂದು ತಮ್ಮ ಕಡೆಯಿಂದ ಬಿಡುತ್ತಾರೆ.

ನನ್ನದು ಹಳೇ ಸ್ಟ್ಯಾಂಡರ್ಡ್ ಸಿರಸ್. ಜರ್ಮನಿಯ ಶೆಂಪ್ ಹಿರ್ಟ್ ಕಂಪನಿಯದು, ಈ ಮಾದರಿ ಮೊದಲು ಹಾರಿದ್ದು 1969ರಲ್ಲಿ. 15 ಮೀಟರ್ ರೆಕ್ಕೆ. ಹಿಂದಿನ ಬಾಲದ ಅಡ್ಡ ರೆಕ್ಕೆ ಪೂರ್ತಿಯಾಗಿ ಒಟ್ಟಿಗೇ ಓಲುತ್ತದೆ. ಅದಕ್ಕೇ ಸ್ಟಿಕ್ಕನ್ನು ಎರಡು ಬೆರಳಲ್ಲಿ ಹಿಡಿದು ಹಾರಿಸಬೇಕು, ಒಂಚೂರು ಹಿಂದಕ್ಕೆ ಬಂದರೂ ಮೂಗು ಏಳುತ್ತದೆ. ಇನ್ನೊಂದು, ನನ್ನ ವಿಮಾನದಲ್ಲಿ ಕೊಕ್ಕೆ ಇರುವುದು ಮೂಗಿನಲ್ಲಲ್ಲ, ಹೊಟ್ಟೆಯ ಕೆಳಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಷಾಢದಲ್ಲಿ ಗಾಳಿಪಟ ಕಟ್ಟಿದವರಿಗೆ ಬೇಗ ಅರ್ಥ ಆಗುತ್ತದೆ. ಪಟ ಚೆನ್ನಾಗಿ ಏರುವುದೂ ಏರದಿರುವುದೂ ಸೂತ್ರ ಎಲ್ಲಿ ಕಟ್ಟಿದ್ದೀವಿ ಅನ್ನುವುದರ ಮೇಲೆ ನಿಂತಿದೆ ಅಲ್ವಾ? ಗ್ಲೈಡರಿನದೂ ಅದೇ ಕಥೆ. ಮೂಗಿನಲ್ಲಿ ಕೊಕ್ಕೆ ಇದ್ದರೆ, ಗ್ಲೈಡರು ಮೇಲೆ ಹೋದ ಹಾಗೆ ಹಗ್ಗವೇ ಮೂಗನ್ನು ಕೆಳಕ್ಕೆ ಎಳೆದು ಸರಿ ಮಾಡುತ್ತದೆ. ಹೊಟ್ಟೆಯ ಕೆಳಗಿದ್ದರೆ ಆ ಸಹಾಯ ಸಿಗುವುದಿಲ್ಲ. ಮೂಗು ಒಮ್ಮೆ ಎದ್ದರೆ ಗ್ಲೈಡರು ಪಟದ ಹಾಗೆ ಚಿಮ್ಮುತ್ತದೆ. ಅದು ಚಿಮ್ಮಿದಾಗ ಹಗ್ಗದ ಇನ್ನೊಂದು ತುದಿಯಲ್ಲಿ ಏನಾಗುತ್ತದೆ ಗೊತ್ತಾ? ಎಳೆಯುವ ವಿಮಾನದ ಬಾಲ ಮೇಲಕ್ಕೆ ಏಳುತ್ತದೆ, ಮೂಗು ನೆಲ ನೋಡುತ್ತದೆ. ಎರಡು ಮೂರು ಸೆಕೆಂಡಿನ ಮಾತು. ನೆಲ ಹತ್ತಿರ ಇದ್ದರೆ ಆ ಪೈಲಟ್ ಉಳಿಯುವುದು ಕಷ್ಟ.

ಇಷ್ಟಾದರೆ ಹಗ್ಗ ತಾನೇ ಕಿತ್ತುಹೋಗುವುದಿಲ್ಲವಾ ಅಂತ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಮೆರಿಕದ ನಿಯಮದ ಪ್ರಕಾರ ಹಗ್ಗ ತಡೆಯುವ ಭಾರ ಗ್ಲೈಡರಿನ ಗರಿಷ್ಠ ತೂಕದ 80ರಿಂದ 200 ಪರ್ಸೆಂಟ್ ಒಳಗೆ ಇರಬೇಕು. ಹಗ್ಗ ಅದಕ್ಕಿಂತ ಗಟ್ಟಿ ಇದ್ದರೆ ಅದರ ಎರಡೂ ತುದಿಯಲ್ಲಿ ಬೇಗ ಮುರಿಯುವ ಕೊಂಡಿ ಹಾಕಬೇಕು. ನನ್ನ ಸಿರಸ್‌ನ ಗರಿಷ್ಠ ತೂಕ 390 ಕಿಲೋ. ಅಂದರೆ 312 ಕಿಲೋಗಿಂತ ಕಡಿಮೆಗೆ ಕಿತ್ತುಹೋಗುವ ಹಗ್ಗ ಹಾಕುವ ಹಾಗೇ ಇಲ್ಲ. ವಿಮಾನದ ಬಾಲ ಎತ್ತುವುದಕ್ಕೆ ಅಷ್ಟು ಬಲ ಬೇಕಿಲ್ಲ. ಹಗ್ಗವನ್ನೋ ಕೊಂಡಿಯನ್ನೋ ನಂಬಿ ಕೂತರೆ ಅದು ಮುರಿಯುವ ಹೊತ್ತಿಗೆ ಮುಂದಿನವರ ಕಥೆ ಮುಗಿದಿರುತ್ತದೆ. ಹಾಗಾಗಿ ಇದಕ್ಕೆ ಒಂದೇ ನಿಯಮ: ಮುಂದಿನ ವಿಮಾನ ಕಣ್ಣಿಗೆ ಕಾಣದಿದ್ದರೆ ಆ ಕ್ಷಣವೇ ಹಗ್ಗ ಬಿಡು. ಕಾರಣ ಹುಡುಕಬೇಡ, ಸರಿ ಮಾಡಲು ಹೋಗಬೇಡ.

ಆ ದಿನ ನಾನು ಸಾಲಿನಲ್ಲಿ ಕೊನೆಯಿಂದ ಐದನೆಯವನು. ರೆಕ್ಕೆ ಹಿಡಿಯಲು ಶಿವಮೊಗ್ಗದ ಗೆಳೆಯ ಬಂದಿದ್ದ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಬಿಳಿ ಟೇಪು ಅಂಟಿಸಿ ಪೆನ್ನಿನಲ್ಲಿ 1150 ಅಂತ ಬರೆದಿದ್ದೆ. ಯುವಾಲ್ಡಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 940 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದಿಂದ ಎತ್ತರ ತೋರಿಸುವ ಆಲ್ಟಿಮೀಟರಿನಲ್ಲಿ 1150 ಬಂದರೆ ನೆಲದಿಂದ 200 ಅಡಿ ದಾಟಿದ್ದೀನಿ ಅಂತ ಲೆಕ್ಕ. ಅದಕ್ಕಿಂತ ಕೆಳಗಿರುವಾಗ ಹಗ್ಗ ಕಿತ್ತುಹೋದರೆ ನೇರ ಮುಂದಕ್ಕೆ ಇಳಿಯಬೇಕು, ಅದರ ಮೇಲಾದರೆ ಹಿಂದಕ್ಕೆ ತಿರುಗಿ ರನ್‌ವೇಗೆ ಬರುವ ಯೋಚನೆ ಮಾಡಬಹುದು. 1150 ಬಂದಾಗ ಒಬ್ಬನೇ ಇದ್ದರೂ ಬಾಯಿಬಿಟ್ಟು "ಇನ್ನೂರು" ಅಂತ ಹೇಳುತ್ತೇನೆ. ಅವತ್ತೂ ಹೇಳಿದೆ.

ಹೇಳಿದ ಮೇಲೆ ಮೈ ಸ್ವಲ್ಪ ಸಡಿಲವಾಯಿತು. ಫ್ಲೈಟ್ ಕಂಪ್ಯೂಟರಿನಲ್ಲಿ ಅವತ್ತಿನ ಟಾಸ್ಕ್, ಅಂದರೆ ಸ್ಪರ್ಧೆಯಲ್ಲಿ ಹಾರಬೇಕಾದ ದಾರಿ, ಹಾಕಿದ್ದೆ ಅಂದುಕೊಂಡಿದ್ದೆ, ಪರದೆಯ ಮೇಲೆ ನಿನ್ನೆಯದೇ ಇತ್ತು. ಒಂದು ಬೆರಳಿನಲ್ಲಿ ಒತ್ತಿದೆ. ಮತ್ತೆ ಒತ್ತಿದೆ. ಅಷ್ಟರಲ್ಲಿ ಸೀಟು ಕೆಳಗಿನಿಂದ ಒದ್ದ ಹಾಗಾಯಿತು. ನಾನು ಜೋರು ಥರ್ಮಲ್ಲಿನೊಳಗೆ, ಅಂದರೆ ಮೇಲೇಳುವ ಬಿಸಿಗಾಳಿಯೊಳಗೆ, ಬಂದಿದ್ದೆ, ಮುಂದಿನ ಪಾನಿ ಅದನ್ನು ದಾಟಿ ಕೆಳಗಿಳಿಯುವ ಗಾಳಿಗೆ ಹೋಗಿತ್ತು. ತಲೆ ಎತ್ತಿದರೆ ಎದುರಿಗೆ ಬರೀ ಆಕಾಶ. ಪಾನಿಯೂ ಇಲ್ಲ, ಹಗ್ಗವೂ ಇಲ್ಲ. ಎಲ್ಲ ನನ್ನ ಮೂಗಿನ ಕೆಳಗೆ.

ಇದನ್ನು ಮುಚ್ಚಿಡದೆ ಹೇಳಬೇಕು. ನನ್ನ ಕೈ ತಕ್ಷಣ ಹೋಗಲಿಲ್ಲ. ಈಗ ಬಿಟ್ಟರೆ ಕೆಳಗಿಳಿದು, ಸಾಲಿನ ಕೊನೆಗೆ ಹೋಗಿ, ಮತ್ತೆ ಏರಬೇಕು ಅನ್ನುವ ಯೋಚನೆ ಬಂತು. ಮೂಗು ಒಂಚೂರು ಕೆಳಗೆ ಮಾಡಿದರೆ ಪಾನಿ ಮತ್ತೆ ಕಾಣಬಹುದು ಅನ್ನಿಸಿತು. ಒಂದು ಸೆಕೆಂಡು ಇರಬಹುದು. ಆಮೇಲೆ ಹಳದಿ ಗುಂಡಿ ಎಳೆದೆ. ಎರಡು ಸಲ ಎಳೆದೆ.

ನೆಲದಿಂದ 700 ಅಡಿ. ಬಲಕ್ಕೆ ತಿರುಗಿದಾಗ ಪಾನಿ ಕಂಡಿತು, ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಕೆಳಗೆ, ಮೂಗು ಎತ್ತಿಕೊಳ್ಳುತ್ತಾ ಇತ್ತು. ಆಗ ನನಗೆ ಉಸಿರು ಬಂತು. ಹೀಗೆ ವಾಪಸ್ ಬರುವವರಿಗೆ ಅಂತಲೇ ರನ್‌ವೇ ಪಕ್ಕದಲ್ಲಿ ಒಂದು ಪಟ್ಟಿ ಬಿಟ್ಟಿದ್ದರು. ರೇಡಿಯೋದಲ್ಲಿ ಹೇಳಿ ಅಲ್ಲೇ ಇಳಿದೆ.

ಗೆಳೆಯ ಓಡಿ ಬಂದ. "ಏನಾಯ್ತೋ? ಹಗ್ಗ ಕಿತ್ತೋಯ್ತಾ?"

"ಇಲ್ಲ. ನಾನೇ ಬಿಟ್ಟೆ."

ಪಾನಿ ಇಳಿದ ಮೇಲೆ ಅದರ ಪೈಲಟ್ ಹತ್ತಿರ ನಡೆದು ಹೋದೆ. ಅರವತ್ತು ದಾಟಿದ ಮನುಷ್ಯ. ತಪ್ಪು ನನ್ನದು ಅಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸ್ಟಿಕ್ ಹಿಡಿಯುವ ಕೈಯನ್ನು ಮುಷ್ಟಿ ಮಾಡಿ ತಮ್ಮ ಹೊಟ್ಟೆಗೆ ಒತ್ತಿ ತೋರಿಸಿದರು. ಇಲ್ಲಿಯವರೆಗೆ ಎಳೆದಿದ್ದೆ, ಆದರೂ ಮೂಗು ಏಳಲಿಲ್ಲ ಅಂದರು. ಇನ್ನೊಂದು ಕೈ ಅವರ ಕಡೆಯ ಹಿಡಿಗೆ ಹೋಗುತ್ತಿತ್ತಂತೆ. ಆ ಹಿಡಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಹಗ್ಗ ಜೋರಾಗಿ ಮೇಲಕ್ಕೆ ಎಳೆಯುತ್ತಿದ್ದರೆ ಕೆಲವು ಹಳೇ ಮಾದರಿಯ ಕೊಕ್ಕೆಗಳು ಬಿಗಿದುಕೊಂಡು ಬಿಡುವುದೇ ಇಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಮುಷ್ಟಿ ನೋಡಿದಾಗ ಹೊಟ್ಟೆಯೊಳಗೆ ಏನೋ ಆಯಿತು.

ಸಂಜ್ಞೆಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲೂ ಇದೇ ಕೈಯ ಪ್ರಶ್ನೆ. ಮುಂದಿನ ವಿಮಾನ ರೆಕ್ಕೆ ಅಲ್ಲಾಡಿಸಿದರೆ ತಕ್ಷಣ ಬಿಡಬೇಕು. ಬಾಲದಲ್ಲಿ ನೆಟ್ಟಗೆ ನಿಂತ ಹಲಗೆಯನ್ನು, ಅಂದರೆ ರಡ್ಡರನ್ನು, ಅಲ್ಲಾಡಿಸಿದರೆ ಬಿಡಬಾರದು. ನಿನ್ನ ಗ್ಲೈಡರಿನಲ್ಲಿ ಏನೋ ಸರಿಯಿಲ್ಲ, ಬೇಗ ಕೆಳಗಿಳಿಯಲು ರೆಕ್ಕೆಯ ಮೇಲೆ ತೆರೆಯುವ ಏರ್‌ಬ್ರೇಕ್ ತೆರೆದುಕೊಂಡಿದೆಯಾ ನೋಡು ಅಂತ ಅದರ ಅರ್ಥ. ಕಲಿಯುವಾಗ ನನ್ನ ಗುರುಗಳು ನನಗೆ ಹೇಳದೇ ಕೇಳದೇ, ಒಮ್ಮೆ ರಡ್ಡರ್ ಅಲ್ಲಾಡಿಸಲು ಎಳೆಯುವ ಪೈಲಟ್‌ಗೆ ಹೇಳಿಟ್ಟಿದ್ದರು. ನಾನು ಗಾಬರಿಯಲ್ಲಿ ಗುಂಡಿ ಎಳೆದುಬಿಟ್ಟೆ. ನಿಜವಾಗಿಯೂ ಏರ್‌ಬ್ರೇಕ್ ತೆರೆದಿದ್ದು, ನೆಲ ಹತ್ತಿರ ಇದ್ದಿದ್ದರೆ, ಎಳೆಯುವವರೂ ಇಲ್ಲದೆ ಕಲ್ಲಿನ ಹಾಗೆ ಇಳಿಯುತ್ತಿದ್ದೆ. ಈಗ ಪ್ರತಿ ಸ್ಪರ್ಧೆಯ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಹೇಳಿಕೊಳ್ಳುತ್ತೇನೆ: ರೆಕ್ಕೆ ಆಡಿದರೆ ಬಿಡು, ಬಾಲ ಆಡಿದರೆ ಬ್ರೇಕು ನೋಡು.

ಅವತ್ತು ಸಾಲಿನ ಕೊನೆಗೆ ತಳ್ಳಿಕೊಂಡು ಹೋಗಿ ಮತ್ತೆ ಏರಿದೆ. ಅದೇ ಪಾನಿ, ಅದೇ ಪೈಲಟ್. 2000 ಅಡಿಯ ತನಕ ಕಣ್ಣು ಅವರ ರೆಕ್ಕೆಯ ಮೇಲಿಂದ ಕದಲಲಿಲ್ಲ. ಹೊರಟದ್ದು ಎಲ್ಲರಿಗಿಂತ ತಡವಾಗಿ. ಸಂಜೆ ಥರ್ಮಲ್ ಸೋತವು, ವಾಪಸ್ ಬರಲಾಗದೆ ಒಂದು ಜೋಳದ ಹೊಲದ ಪಕ್ಕ ಇಳಿದೆ. ಗೆಳೆಯ ಟ್ರೇಲರ್ ತರುವಷ್ಟರಲ್ಲಿ ಕತ್ತಲಾಗಿತ್ತು.

ಮರುದಿನದಿಂದ ಗ್ಲೈಡರಿನ ಕಂಪ್ಯೂಟರಿನ ಪರದೆಗೆ ಒಂದು ಚೌಕದ ಬಟ್ಟೆ ಹೊದಿಸುತ್ತೇನೆ, ನಾಲ್ಕು ಮೂಲೆಗೂ ಟೇಪು. ಟಾಸ್ಕ್ ಸರಿಯಿದೆಯಾ ಅಂತ ನೆಲದಲ್ಲೇ ಗೆಳೆಯನ ಹತ್ತಿರ ಓದಿಸಿ ಆಮೇಲೆ ಮುಚ್ಚುತ್ತೇನೆ. ಹಗ್ಗ ದೂರ ಹೋದದ್ದನ್ನು ನೋಡಿ, ಬಲಕ್ಕೆ ತಿರುಗಿ, ಸುತ್ತ ಇರುವವರನ್ನು ಎಣಿಸಿದ ಮೇಲೆ ಆ ಬಟ್ಟೆ ಕೀಳುತ್ತೇನೆ.