ತಗ್ಗು ಚಾವಣಿಯ ಕೋಣೆಯಲ್ಲಿ ರಾಕ್ ಡ್ರಮ್ಸ್: ನಾಲ್ಕೇ ಮೈಕ್ ಸಾಕು

ಡೊಂಬಿವಲಿ, ಠಾಣೆ ಕಡೆ ಬ್ಯಾಂಡ್ ಕಟ್ಟಿರುವ ನಮ್ಮ ಕನ್ನಡದ ಹುಡುಗರಿಗೆ ಡ್ರಮ್ಸ್ ರೆಕಾರ್ಡ್ ಮಾಡಲು ಸಿಗುವುದು ಸಾಮಾನ್ಯವಾಗಿ ಫ್ಲ್ಯಾಟಿನ ಕೋಣೆಯೇ. ಸಿಂಬಲ್ (ಲೋಹದ ತಟ್ಟೆ) ಸದ್ದು ತಗ್ಗು ಚಾವಣಿಗೆ ಬಡಿದು ಕರ್ಕಶವಾಗಿ ವಾಪಸು ಬರುತ್ತದೆ. ಡ್ರಮ್ಸ್‌ನ ನೆತ್ತಿಯ ಮೇಲೆ, ಚಾವಣಿಗೆ ಹತ್ತಿಯ ಗಾದಿಯೊಂದನ್ನು ಬಿಗಿಯಾಗಿ ಕಟ್ಟಿ, ಫ್ಯಾನ್ ಆರಿಸಿ.

ಮೊದಲು ಶ್ರುತಿ. ಸ್ನೇರ್‌ನ (ಚುರುಕು ಸದ್ದಿನ ಚಿಕ್ಕ ಡ್ರಮ್) ಪ್ರತಿ ಲಗ್ (ಹೊದಿಕೆ ಬಿಗಿಸುವ ತಿರುಪಿನ ಜಾಗ) ಪಕ್ಕ, ಅಂಚಿನಿಂದ ಒಂದಿಂಚು ಒಳಗೆ ಸ್ಟಿಕ್‌ನಿಂದ ತಟ್ಟಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು. ಕೆಟ್ಟ ಶ್ರುತಿಯನ್ನು ಯಾವ ಪ್ಲಗಿನ್ನೂ (ಸದ್ದು ತಿದ್ದುವ ಸಾಫ್ಟ್‌ವೇರ್) ರಿಪೇರಿ ಮಾಡದು.

ಓವರ್‌ಹೆಡ್ (ಡ್ರಮ್ಸ್ ಮೇಲೆ ತೂಗುವ) ಮೈಕ್ ಎರಡು, ಸ್ನೇರ್ ನಡುವಿನಿಂದ ಎರಡಕ್ಕೂ ಸಮ ದೂರ. ಟೇಪು ಬೇಡ, ಮೈಕ್ ಕೇಬಲ್ಲನ್ನೇ ಹಿಡಿದು ಅಳೆಯಿರಿ. 34 ಸೆಂ.ಮೀ. ಹೆಚ್ಚುಕಮ್ಮಿಯಾದರೆ ಒಂದರಲ್ಲಿ ಸದ್ದು ಸುಮಾರು 1 ಮಿಲಿಸೆಕೆಂಡ್ ತಡ; ಸ್ನೇರ್ ಟೊಳ್ಳಾಗಿ ಒಂದು ಬದಿಗೆ ವಾಲುತ್ತದೆ. ಮೂರನೆಯದು ಸ್ನೇರ್ ಅಂಚಿನ ಎರಡಿಂಚು ಮೇಲೆ, ಹೈಹ್ಯಾಟ್‌ಗೆ (ಕಾಲಲ್ಲಿ ಒತ್ತುವ ಜೋಡಿ ಸಿಂಬಲ್) ಬೆನ್ನು ಮಾಡಿ. ನಾಲ್ಕನೆಯದು ಕಿಕ್‌ನ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಮುಂದಿನ ಹೊದಿಕೆಯ ತೂತಿನೊಳಗೆ. ಟಾಮ್‌ಗಳು (ಉಳಿದ ಡ್ರಮ್‌ಗಳು) ಓವರ್‌ಹೆಡ್‌ನಲ್ಲೇ ಸಿಗುತ್ತವೆ.

ಮಿಕ್ಸ್‌ನಲ್ಲಿ ಓವರ್‌ಹೆಡ್ ಮೊದಲು ಏರಿಸಿ, ಕಿಕ್ ಸೇರಿಸಿ, ಅದರ ಫೇಸ್ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ. ತಳದ ಮಂದ್ರ ಸದ್ದು ಹೇಗೆ ತುಂಬುತ್ತದೋ ಹಾಗೇ ಬಿಡಿ. ಕಿಕ್ ರಟ್ಟಿನ ಡಬ್ಬದ ಹಾಗೆ ಕೇಳಿಸಿದರೆ 350 ಹರ್ಟ್ಸ್ ಸುತ್ತ 4 ಡಿಬಿ ಇಳಿಸಿ. ಸ್ನೇರ್‌ಗೆ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವುದು) 4:1, ಅಟ್ಯಾಕ್ (ಅದು ಹಿಡಿಯಲು ತೆಗೆದುಕೊಳ್ಳುವ ಹೊತ್ತು) 20 ಮಿಲಿಸೆಕೆಂಡ್. ಅಟ್ಯಾಕ್ ತೀರಾ ಚುರುಕಾದರೆ ಏಟಿನ ಮೊನೆಯೇ ಮೊಂಡಾಗುತ್ತದೆ.