ಗ್ರೀನ್‌ನಿಂದ ಟೀ ಕಡೆಗೆ: ಕೋರ್ಸನ್ನು ನಾನು ಅಳೆದ ಬಗೆ

ಗಾಲ್ಫ್ ಆಡತೊಡಗಿದ ಮೊದಲ ಮೂರು ವರ್ಷ ನಾನು ಕೋರ್ಸನ್ನು ನೋಡಿದ್ದು ಟೀ ಮೇಲೆ, ಅಂದರೆ ಮೊದಲ ಹೊಡೆತದ ಜಾಗದಲ್ಲಿ, ನಿಂತೇ. ಅಲ್ಲಿಂದ ಕಾಣುವುದು ವಿನ್ಯಾಸಕಾರ ನಮಗೆ ತೋರಿಸಲು ಬಯಸಿದಷ್ಟು ಮಾತ್ರ ಎಂಬುದು ಗೊತ್ತಾದದ್ದು ನಾಲ್ಕನೆಯ ಹೋಲ್‌ನಲ್ಲಿ (ಟೀಯಿಂದ ಕುಳಿಯವರೆಗಿನ ಒಂದೊಂದು ಭಾಗವನ್ನೂ ಹೋಲ್ ಎನ್ನುತ್ತಾರೆ). ಅದು 380 ಗಜದ ಪಾರ್ 4, ಅಂದರೆ ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದದ್ದು. ದೂರದಿಂದ ನೋಡಿದರೆ ಕುಳಿಯಿರುವ ನುಣುಪು ಹುಲ್ಲಿನ ಗ್ರೀನ್‌ಗೆ ಅಂಟಿಕೊಂಡೇ ಒಂದು ಬಂಕರ್ (ಮರಳಿನ ಗುಂಡಿ) ಇದ್ದಂತೆ ತೋರುತ್ತಿತ್ತು. ನನ್ನ ಎರಡನೆಯ ಹೊಡೆತ ಪ್ರತಿ ಸಲವೂ ಬಂಕರನ್ನು ದಾಟಿ, ಗ್ರೀನ್ ಮುಟ್ಟದೆ ನಿಲ್ಲುತ್ತಿತ್ತು. ಚೆಂಡಿಗೆ ಕ್ಲಬ್ (ಹೊಡೆಯುವ ಕೋಲು) ಸರಿಯಾಗಿ ತಗುಲಲಿಲ್ಲವೆಂದು ನನ್ನನ್ನೇ ದೂರಿಕೊಳ್ಳುತ್ತಿದ್ದೆ. ಒಂದು ಸಂಜೆ ಗ್ರೀನ್ ಮೇಲೆ ನಿಂತು ಹಿಂತಿರುಗಿ ನೋಡಿದಾಗ ಬಂಕರ್‌ಗೂ ಗ್ರೀನ್‌ಗೂ ನಡುವೆ ತಗ್ಗಾದ ಹುಲ್ಲಿನ ಜಾಗ ಕಾಣಿಸಿತು. ಅಳೆದರೆ ಅದು ಸುಮಾರು 25 ಗಜ. ಬಂಕರ್‌ನ ಎತ್ತರದ ಅಂಚು ಆ ತಗ್ಗನ್ನು ಮರೆಮಾಡಿ, ಕುಳಿಯನ್ನು ತೋರಿಸುವ ಧ್ವಜವನ್ನು ಇರುವುದಕ್ಕಿಂತ ಹತ್ತಿರಕ್ಕೆ ತಂದು ತೋರಿಸುತ್ತಿತ್ತು.

ಅಂದಿನಿಂದ ಇಡೀ ಕೋರ್ಸನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ಪ್ರತಿಯೊಂದು ಹೋಲನ್ನೂ ಗ್ರೀನ್‌ನಿಂದ ಟೀ ಕಡೆಗೆ ನಡೆದು, ದೂರಗಳನ್ನು ಪುಸ್ತಕವೊಂದರಲ್ಲಿ ಬರೆದುಕೊಳ್ಳಲು ನಿರ್ಧರಿಸಿದೆ. ಮೊದಲು ಅಳೆದಿಟ್ಟ 100 ಗಜದ ಸಮತಟ್ಟು ನೆಲದಲ್ಲಿ ಹಲವು ಸಲ ನಡೆದು ನನ್ನ ಹೆಜ್ಜೆಯನ್ನು ಪರೀಕ್ಷಿಸಿಕೊಂಡೆ. ಸರಾಸರಿ 112 ಹೆಜ್ಜೆ ಬಂತು. ಏರಿನಲ್ಲಿ ಹೆಜ್ಜೆ ಗಿಡ್ಡವಾಗುವುದರಿಂದ ಅಂಥ ಕಡೆಗಳಲ್ಲಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳ ಮೇಲೆ ಕೊರೆದಿದ್ದ ಅಂಕಿಗಳನ್ನೇ ನಂಬಿದೆ. ಆ ಅಂಕಿ ಗ್ರೀನ್‌ನ ನಡುವಿನವರೆಗಿನದೋ ಮುಂದಿನ ಅಂಚಿನವರೆಗಿನದೋ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಗ್ರೀನ್‌ಗಳು. ಚೆಂಡು ಬೀಳಬೇಕಾದ ಕುಳಿಯ ವ್ಯಾಸ ಎಲ್ಲ ಕಡೆಯೂ 108 ಮಿಲಿಮೀಟರ್. ಆದರೆ ಕುಳಿಯ ಸ್ಥಾನವನ್ನು ಆಗಾಗ ಬದಲಿಸುತ್ತಾರೆ, ಆದ್ದರಿಂದ ಇಂದಿನ ಧ್ವಜವನ್ನು ಗುರುತಿಸಿಕೊಂಡರೆ ಪ್ರಯೋಜನವಿಲ್ಲ. ಕುಳಿ ತೋಡಲು ಯೋಗ್ಯವಾದ, ಇಳಿಜಾರು ಕಡಿಮೆಯಿರುವ ಜಾಗಗಳು ಎಷ್ಟಿವೆ ಎಂಬುದನ್ನು ನೋಡಬೇಕು. ವಿಶಾಲವಾಗಿ ಕಾಣುವ ಗ್ರೀನ್‌ಗಳಲ್ಲೂ ಅಂಥವು ನಾಲ್ಕೈದಕ್ಕಿಂತ ಹೆಚ್ಚಿಗೆ ನನಗೆ ಸಿಗಲಿಲ್ಲ. ಇಳಿಜಾರನ್ನು ಕಣ್ಣಳತೆಯಿಂದ ತಿಳಿಯಲು ಹೋಗಿ ಹಲವು ಸಲ ಮೋಸಹೋದ ಮೇಲೆ, ಮಳೆ ನಿಂತ ಕೂಡಲೇ ಹೋಗಿ ನೀರು ಯಾವ ಅಂಚಿನಿಂದ ಹೊರಗೆ ಹರಿಯುತ್ತದೆ ಎಂದು ನೋಡುವ ರೂಢಿ ಮಾಡಿಕೊಂಡೆ. ಬಹುಪಾಲು ಗ್ರೀನ್‌ಗಳಲ್ಲಿ ನೀರು ಎರಡು ಮೂರು ದಿಕ್ಕಿಗೆ ಹರಿದುಹೋಗುವಂತೆ ನೆಲವನ್ನು ರೂಪಿಸಿರುತ್ತಾರೆ. ನೀರು ಹೊರಡುವ ದಾರಿಯೇ ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್ಬಾದ ಪಟರ್‌ನಿಂದ ಹೊಡೆದ ಚೆಂಡು ತಿರುಗುವ ದಿಕ್ಕನ್ನೂ ಹೇಳುತ್ತದೆ. ಗ್ರೀನ್‌ನ ಉದ್ದವನ್ನೂ ಬರೆದುಕೊಂಡೆ, ಏಕೆಂದರೆ ಅದು 30 ಗಜವಿದ್ದರೆ ಮುಂದಿನ ಧ್ವಜಕ್ಕೂ ಹಿಂದಿನ ಧ್ವಜಕ್ಕೂ ದೂರಕ್ಕೆ ತಕ್ಕಂತೆ ಆರಿಸುವ ಕ್ಲಬ್‌ನಲ್ಲಿ ನನಗೆ ಮೂರು ಕ್ಲಬ್‌ಗಳ ವ್ಯತ್ಯಾಸ ಬೀಳುತ್ತದೆ.

ನಮ್ಮ ಪಾರ್ 3ಗಳಲ್ಲಿ ಒಂದರ ಗ್ರೀನ್ ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಗೆ ಇಳಿಯುತ್ತದೆ, ಎಡ ಮುಂಭಾಗವನ್ನು ಆಳವಾದ ಬಂಕರ್ ಕಾಯುತ್ತದೆ. ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನ 15ನೆಯ ಹೋಲ್ ಇದರ ಮೂಲ. ‘ರೆಡಾನ್’ ಎಂಬ ಅದರ ಹೆಸರು ಕೋಟೆಯ ರಕ್ಷಣಾ ಗೋಡೆಯೊಂದರಿಂದ ಬಂದದ್ದು. ಇಲ್ಲಿ ಧ್ವಜಕ್ಕೇ ನೇರ ಗುರಿಯಿಡುವುದು ಅಪಾಯ. ಬಲಬದಿಯಲ್ಲಿ ಇಳಿಸಿದರೆ ನೆಲವೇ ಚೆಂಡನ್ನು ಒಯ್ಯುತ್ತದೆ ಎಂಬುದು ಹಿಂಬದಿಯಲ್ಲಿ ನಿಂತವನಿಗೆ ತಕ್ಷಣ ಕಾಣುತ್ತದೆ.

ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲಿನ ಹಾದಿಯಾದ ಫೇರ್‌ವೇಯ ಬಂಕರ್‌ಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ ಹತ್ತಿರದ ಅಂಚಿನ ದೂರವನ್ನಷ್ಟೇ ಬರೆದುಕೊಂಡದ್ದು. ಬಂಕರ್‌ಗಿಂತ ಮೊದಲೇ ನಿಲ್ಲಿಸುವವನಿಗೆ ಆ ಅಂಕಿ ಸಾಕು. ದಾಟಿಸುವವನಿಗೆ ಆಚೆಯ ಅಂಚಿನದೂ ಬೇಕು. ಆರು ಹೋಲ್‌ಗಳನ್ನು ಮತ್ತೆ ನಡೆಯಬೇಕಾಯಿತು. ನಡುವೆ ಬಾಗುವ ಡಾಗ್‌ಲೆಗ್ ಹೋಲ್‌ಗಳಲ್ಲಿ ಫೇರ್‌ವೇ ತಿರುಗುವ ಮೂಲೆಯವರೆಗಿನ ದೂರವನ್ನೂ, ನೇರ ಹೋದರೆ ಚೆಂಡು ಆಚೆಯ ಉದ್ದ ಹುಲ್ಲಿನ ರಫ್ ಸೇರುವ ದೂರವನ್ನೂ ಗುರುತಿಸಿದೆ. ಗೂಟಗಳನ್ನು ಬಣ್ಣದ ಚುಕ್ಕೆಗಳಿಂದ ತೋರಿಸಿದೆ: ಬಿಳಿಯದು ಕೋರ್ಸಿನ ಎಲ್ಲೆ, ಹಳದಿ ಮತ್ತು ಕೆಂಪು ದಂಡದ ಪ್ರದೇಶಗಳು. ಕೆಂಪು ಗುರುತಿರುವಲ್ಲಿ ಚೆಂಡು ಒಳಹೋದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ, ಪಕ್ಕದಲ್ಲೇ ಬಿಡುವ ಅವಕಾಶ ಹೆಚ್ಚುವರಿಯಾಗಿ ಇರುವುದರಿಂದ ಆ ಎರಡು ಬಣ್ಣಗಳನ್ನು ಒಂದೇ ಎಂದು ಬಗೆಯಬಾರದು.

ಹೀಗೆ ಎದುರು ದಿಕ್ಕಿನಲ್ಲಿ ನಡೆಯುವವನನ್ನು ಕಂಡು ನಕ್ಕವರಿದ್ದಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸನ್ನು ಹಿಂದೆ ಎರಡೂ ದಿಕ್ಕಿನಲ್ಲಿ ಆಡುತ್ತಿದ್ದರೆಂದು ಅವರಿಗೆ ಹೇಳುತ್ತೇನೆ. ಅಲ್ಲಿ ಇಂದಿಗೂ ಏಳು ಗ್ರೀನ್‌ಗಳು ತಲಾ ಎರಡು ಹೋಲ್‌ಗಳಿಗೆ ಸೇರಿವೆ. 2 ಮತ್ತು 16, 3 ಮತ್ತು 15 ಎಂಬಂತೆ ಆ ಜೋಡಿಗಳ ಮೊತ್ತ ಯಾವಾಗಲೂ 18.

ಟೀ ತಲುಪುವುದು ಕೊನೆಗೆ. ಅಲ್ಲಿಯೂ ಒಂದು ಬಲೆ ಕಾದಿರುತ್ತದೆ: ಟೀಯ ಚೌಕವೂ ಹುಲ್ಲು ಕತ್ತರಿಸಿದ ಗೆರೆಗಳೂ ಕೆಲವು ಹೋಲ್‌ಗಳಲ್ಲಿ ಫೇರ್‌ವೇಯ ನಡುವಿಗಲ್ಲ, ಪಕ್ಕದ ಮರಗಳ ಕಡೆಗೆ ಮುಖಮಾಡಿರುತ್ತವೆ, ನಿಂತವನ ಪಾದಗಳು ತಿಳಿಯದೆಯೇ ಅದೇ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ನಾಲ್ಕನೆಯ ಹೋಲ್‌ನದೂ ಹಾಗೆಯೇ ಇತ್ತು. ಈಗ ಅದರ ಪುಟದಲ್ಲಿ ‘ಬಂಕರ್ ಆಚೆ 25’ ಎಂಬುದರ ಕೆಳಗೆ ‘ಟೀ ಬಲಕ್ಕೆ ತಿರುಗಿದೆ’ ಎಂದು ಬರೆದಿದೆ.